ಹಾಟ್ ಶಾಟ್, ವಿಗಲ್ ವಾರ್ಟ್, ಮ್ಯಾಗ್ ಲಿಪ್: ಸ್ಟೀಲ್‌ಹೆಡ್‌ಗೆ ಯಾವ ಪ್ಲಗ್?

ಚಳಿಗಾಲದ ಸ್ಟೀಲ್‌ಹೆಡ್ ಮೀನಿಗೆ ದೋಣಿಯಿಂದ ಪ್ಲಗ್, ಅಂದರೆ ಗಾಳ ಕಟ್ಟಿದ ನಕಲಿ ಮೀನು, ಬಿಡುವವರಲ್ಲಿ ಈ ಜಗಳ ಮುಗಿಯುವುದೇ ಇಲ್ಲ. ಹಾಟ್ ಶಾಟಾ, ವಿಗಲ್ ವಾರ್ಟಾ, ಮ್ಯಾಗ್ ಲಿಪ್ಪಾ? ಅಮೆರಿಕದ ಆರೆಗನ್ ರಾಜ್ಯದ ವಿಲ್ಸನ್, ನೆಸ್ಟಕ್ಕ, ಕ್ಲ್ಯಾಕಮಸ್ ನದಿಗಳಲ್ಲಿ ಮೂರನ್ನೂ ಬಿಟ್ಟು ನೋಡಿದ್ದೇನೆ. ಒಂದನ್ನೇ ಕೊಳ್ಳುವುದಾದರೆ ಮೂರೂವರೆ ಇಂಚಿನ ಮ್ಯಾಗ್ ಲಿಪ್ ಕೊಳ್ಳಿ. ಆದರೆ ನೀರು ಇಳಿದು ಗಾಜಿನಷ್ಟು ತಿಳಿಯಾಗಿರುವ ದಿನ ಅದನ್ನು ಡಬ್ಬಿಯಿಂದ ತೆಗೆಯಲೇ ಬೇಡಿ.

ಹೊಸಬರಿಗೆ ಎರಡು ಮಾತು. ಸ್ಟೀಲ್‌ಹೆಡ್ ಅಂದರೆ ಸಮುದ್ರಕ್ಕೆ ಹೋಗಿ ಬಲಿತು, ಮೊಟ್ಟೆ ಇಡಲು ಮತ್ತೆ ನದಿಗೆ ಬರುವ ರೇನ್‌ಬೋ ಟ್ರೌಟ್. ಪ್ಲಗ್ ಅಂದರೆ ಮುಂದೆ ತುಟಿಯಂಥ ಚಪ್ಪಟೆ ಪಟ್ಟಿ ಇರುವ ಪ್ಲಾಸ್ಟಿಕ್ ಮೀನು. ಹರಿವು ಆ ತುಟಿಗೆ ಬಡಿದಾಗ ಅದು ಒದ್ದಾಡುತ್ತಾ ಕೆಳಗಿಳಿಯುತ್ತದೆ. ಇಲ್ಲಿ ಎಸೆಯುವ ಕೆಲಸ ಇಲ್ಲ. ನಲವತ್ತು ಐವತ್ತು ಅಡಿ ದಾರ ಬಿಟ್ಟು ರಾಡನ್ನು ಹೋಲ್ಡರಿಗೆ ಸಿಕ್ಕಿಸಿ ಸುಮ್ನೆ ಕೂರುವುದು, ಅಷ್ಟೇ. ಉಳಿದದ್ದೆಲ್ಲ ಹುಟ್ಟು ಹಾಕುವವನ ಕೆಲಸ. ಅವನು ಹರಿವಿಗೆ ಎದುರಾಗಿ ಹುಟ್ಟು ಎಳೆಯುತ್ತಾ, ದೋಣಿ ನೀರಿಗಿಂತ ನಿಧಾನವಾಗಿ ಕೆಳಕ್ಕೆ ಜಾರುವ ಹಾಗೆ ಹಿಡಿದಿಡುತ್ತಾನೆ. ಪ್ಲಗ್‌ಗಳು ಸಾಲಾಗಿ ಮೀನಿನ ಮುಖಕ್ಕೇ ಇಳಿಯುತ್ತವೆ. ಮೀನು ಹಿಂದೆ ಸರಿಯಬೇಕು, ಇಲ್ಲ ಕಚ್ಚಬೇಕು.

ಹಾಟ್ ಶಾಟ್ ಹಳೇ ಹುಲಿ. ಈ ರೀತಿ ಮೀನು ಹಿಡಿಯುವುದಕ್ಕೇ ಹಾಟ್‌ಶಾಟಿಂಗ್ ಅನ್ನುವವರು ಈಗಲೂ ಇದ್ದಾರೆ. ಹುಡ್ ರಿವರ್ ಊರಿನ ಲೂರ್ ಜೆನ್ಸನ್ ಕಂಪನಿ ಬಹಳ ಕಾಲ ಮಾಡುತ್ತಿತ್ತು, 2005ರಲ್ಲಿ ಆ ಕಂಪನಿ ಫಿನ್‌ಲ್ಯಾಂಡಿನ ರಪಾಲಾ ಕಂಪನಿಯ ಕೈಗೆ ಹೋಯಿತು. ಸಣ್ಣ ಮೈ, ಬಿಗಿಯಾದ ನಡುಕ. ಇದನ್ನು ಬಿಟ್ಟಾಗ ರಾಡಿನ ತುದಿ ಹೊಲಿಗೆ ಮೆಷಿನ್ನಿನ ಸೂಜಿಯಂತೆ ಟಕಟಕ ಅನ್ನುತ್ತಿರುತ್ತದೆ. ಸಣ್ಣ ನದಿ, ತಿಳಿ ನೀರು, ಸ್ವಲ್ಪ ಜೋರು ಹರಿವು ಇದ್ದರೆ ಇದರ ಮುಂದೆ ಬೇರೆ ಯಾವುದೂ ಇಲ್ಲ. ಸದ್ದಿಲ್ಲದೆ ಬರುತ್ತದೆ, ಮೀನು ಬೆದರುವುದಿಲ್ಲ. ಹರಿವು ಮಂದವಾದರೆ ಮಾತ್ರ ಇದಕ್ಕೆ ಜೀವವೇ ಇರುವುದಿಲ್ಲ. ಆಳವಾದ ಮಡುವಿಗೆ ನಾನಂತೂ ಇದನ್ನು ಬಿಡುವುದಿಲ್ಲ.

ಇನ್ನು ವಿಗಲ್ ವಾರ್ಟ್. ಇದರ ಅಭಿಮಾನಿಗಳ ಹತ್ತಿರ ಹುಷಾರಾಗಿ ಮಾತಾಡಬೇಕು! ಗುಂಡು ಹೊಟ್ಟೆ, ಒಳಗೆ ಗಿಲಕಿ, ಅಗಲವಾದ ಓಲಾಟ. ನಡುನಡುವೆ ದಾರಿ ತಪ್ಪಿದಂತೆ ಪಕ್ಕಕ್ಕೆ ಹಾರಿ ಮತ್ತೆ ವಾಪಸ್ ಬರುತ್ತದೆ, ಮೀನಿಗೆ ರೇಗುವುದು ಆ ಹಾರಾಟಕ್ಕೇ ಇರಬೇಕು. ನಿಧಾನದ ನೀರಲ್ಲೂ ಕೆಲಸ ಮಾಡುತ್ತದೆ. ಮಳೆ ಬಂದು ಎರಡು ದಿನವಾಗಿ, ನೀರು ಇನ್ನೂ ಮಬ್ಬು ಹಸಿರಾಗಿರುವಾಗ ನಾನು ಮೊದಲು ಕೈ ಹಾಕುವುದು ಇದಕ್ಕೇ. ವಾರ್ಟ್ ಮಾಡುವ ಸ್ಟಾರ್ಮ್ ಕಂಪನಿಯನ್ನೂ ರಪಾಲಾ ಕೊಂಡದ್ದು 1999ರಲ್ಲಿ. ಅದಕ್ಕೂ ಮುಂಚಿನ ವಾರ್ಟ್‌ಗಳೇ ಅಸಲಿ ಅಂತ ಜನ ಹಳೇ ಮಾಲಿಗೆ ಹೊಸದರ ಹಲವು ಪಟ್ಟು ದುಡ್ಡು ಸುರಿಯುತ್ತಾರೆ. ಗೆಳೆಯರೊಬ್ಬರ ಹಳೆಯದನ್ನೂ ನನ್ನ ಹೊಸದನ್ನೂ ಅಕ್ಕಪಕ್ಕ ಬಿಟ್ಟು ನೋಡಿದೆವು. ಹಳೆಯದು ಜಾಸ್ತಿ ಅಲೆದಾಡುತ್ತದೆ, ಅದು ನಿಜ. ಅದಕ್ಕಾಗಿ ಅಷ್ಟು ದುಡ್ಡು ಕೊಡಬೇಕಾ? ಬಂಡೆ ಸಂದಿಯಲ್ಲಿ ಒಂದು ಸಿಕ್ಕಿಕೊಂಡು ಹೋದರೆ ಆ ದಿನವೇ ಕೆಡುತ್ತದೆ. ಬೇಡಪ್ಪಾ.

ಹೊಸ ವಾರ್ಟ್‌ನ ನಿಜವಾದ ತಲೆನೋವು ಬೇರೆ. ಪೊಟ್ಟಣದಿಂದ ತೆಗೆದ ತಕ್ಷಣ ನೇರ ಓಡುವುದು ಕಡಿಮೆ. ದೋಣಿಯ ಪಕ್ಕದಲ್ಲೇ ನೀರಿಗಿಟ್ಟು ನೋಡಬೇಕು. ಎಡಕ್ಕೆ ವಾಲುತ್ತಿದ್ದರೆ ಮೂಗಿನ ಕೊಂಡಿಯನ್ನು ಇಕ್ಕಳದಲ್ಲಿ ಹಿಡಿದು ಬಲಕ್ಕೆ ಒಂದು ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ನೀರಿಗಿಡಿ. ಜಾಸ್ತಿ ಬಗ್ಗಿಸಿದರೆ ಆ ಕಡೆಗೆ ಓಡುತ್ತದೆ. ಹೆಬ್ಬೆರಳು ಮರಗಟ್ಟುವ ಚಳಿಯಲ್ಲಿ ಈ ಕೆಲಸ ಮಾಡಿದವರಿಗೇ ಗೊತ್ತು. ಒಂದು ದೊಡ್ಡ ಮೀನು ಹಿಡಿದ ಮೇಲೆ ಮತ್ತೆ ಪರೀಕ್ಷೆ ಮಾಡಬೇಕು, ಕೊಂಡಿ ತಿರುಚಿರುತ್ತದೆ.

ಮ್ಯಾಗ್ ಲಿಪ್ ಗೆಲ್ಲುವುದು ಇಲ್ಲೇ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಬೈಟ್ ಕಂಪನಿಯದು. ನಾನು ತಂದದ್ದರಲ್ಲಿ ಬಹುಪಾಲು ಪೊಟ್ಟಣದಿಂದ ನೇರ ನೀರಿಗೆ ಇಳಿದು ನೆಟ್ಟಗೆ ಓಡಿವೆ. ಬೇಗ ಆಳಕ್ಕೆ ಹೋಗುತ್ತದೆ, ಜೋರು ಸೆಳವಿನಲ್ಲೂ ಮೇಲಕ್ಕೆ ಎಗರುವುದಿಲ್ಲ. ನಾಲ್ಕಾರು ಬಾರಿ ಒಂದೇ ತಾಳದಲ್ಲಿ ಓಲಾಡಿ, ಒಮ್ಮೆ ತಾಳ ತಪ್ಪಿಸಿ, ಮತ್ತೆ ಸರಿಹೋಗುತ್ತದೆ. ಅಂದರೆ ವಾರ್ಟ್‌ನ ಆ ಹುಚ್ಚಾಟವನ್ನು ಬೇಕಂತಲೇ ಕೂರಿಸಿ ಮಾಡಿದ ಹಾಗಿದೆ. ಹುಟ್ಟು ಹಾಕುವವನು ಹೊಸಬನಾಗಿದ್ದು ದೋಣಿಯ ವೇಗ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುತ್ತಿದ್ದರೂ ಇದು ತಡೆದುಕೊಳ್ಳುತ್ತದೆ, ಹಾಟ್ ಶಾಟ್ ಅಷ್ಟು ಕ್ಷಮಿಸುವುದಿಲ್ಲ. ಕೊರತೆ ಅಂದರೆ ಗಾತ್ರ. ಮೊಣಕಾಲುದ್ದದ ನೀರಲ್ಲಿ ಕಲ್ಲಿಗೆ ಕುಟ್ಟುತ್ತಾ ಬರುತ್ತದೆ. ಮೂರೂ ತೇಲುವ ಪ್ಲಗ್‌ಗಳೇ, ದಾರ ಸಡಿಲ ಬಿಟ್ಟರೆ ಕಲ್ಲಿನಿಂದ ಬಿಡಿಸಿಕೊಂಡು ಮೇಲೆ ಬರುತ್ತವೆ. ಆದರೂ ಅಂಥ ಕಡೆ ಸಣ್ಣ ಸೈಜಿಗೆ ಇಳಿಯುವುದು ಒಳ್ಳೆಯದು.

ಫ್ಲ್ಯಾಟ್‌ಫಿಶ್ ಅನ್ನುವ ಇನ್ನೊಂದು ಪ್ಲಗ್ ಯಾಕೆ ಸೇರಿಸಲಿಲ್ಲ ಅಂತ ಕೇಳುತ್ತೀರಿ. ನಿಧಾನ ನೀರಿಗೆ ಚೆನ್ನ, ಸಾಲ್ಮನ್‌ಗೆ ಇನ್ನೂ ಚೆನ್ನ. ಚಳಿಗಾಲದ ಸ್ಟೀಲ್‌ಹೆಡ್‌ಗೆ ನನಗೆ ಒಗ್ಗಲಿಲ್ಲ.

ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ತಿಳಿ ನೀರಿಗೆ ನೀಲಿ ಬೆಳ್ಳಿ, ಮಬ್ಬು ನೀರಿಗೆ ಕಿತ್ತಳೆ ಕೆಂಪು, ನನಗೆ ಅಷ್ಟು ಸಾಕು. ಅದಕ್ಕಿಂತ ರಾಡಿನ ತುದಿ ನೋಡುವುದು ಮುಖ್ಯ. ನಡುಕ ನಿಂತರೆ ಪ್ಲಗ್‌ಗೆ ಆಲ್ಡರ್ ಮರದ ಎಲೆ ಸಿಕ್ಕಿದೆ ಅಂತ ಅರ್ಥ, ತಕ್ಷಣ ಸುತ್ತಿ ತೆಗೆಯಿರಿ. ಮೀನು ಎರಡು ಸಲ ಕುಕ್ಕಿದರೂ ರಾಡ್ ಮುಟ್ಟಬೇಡಿ. ರಾಡ್ ಪೂರ್ತಿ ಬಾಗಿ ದಾರ ಓಡತೊಡಗಿದ ಮೇಲೆ ಎತ್ತಿ.

ವಾಷಿಂಗ್ಟನ್ನಿನ ಒಲಿಂಪಿಕ್ ಪೆನಿನ್ಸುಲಾಕ್ಕೆ ಹೋಗುವವರು ನಿಯಮ ಓದಿಕೊಂಡೇ ಹೋಗಿ. ಕಾಡು ಸ್ಟೀಲ್‌ಹೆಡ್, ಅಂದರೆ ನದಿಯಲ್ಲೇ ತಾನಾಗಿ ಹುಟ್ಟಿದ ಮೀನು, ಕಡಿಮೆಯಾದ ಕಾರಣ 2020ರ ಡಿಸೆಂಬರಿನಲ್ಲಿ ಅಲ್ಲಿನ ಹಲವು ನದಿಗಳಲ್ಲಿ ದೋಣಿಯಲ್ಲಿ ಕೂತು ಗಾಳ ಹಾಕುವುದನ್ನೇ ತಡೆದರು. ಉಳಿದ ಕಡೆಯೂ ಕಾಡು ಮೀನು ಸಿಕ್ಕರೆ ಸಾಮಾನ್ಯವಾಗಿ ವಾಪಸ್ ಬಿಡಬೇಕು. ಬೆನ್ನಿನ ಹಿಂಭಾಗದ ಪುಟ್ಟ ಅಡಿಪೋಸ್ ರೆಕ್ಕೆ ಕತ್ತರಿಸಿದ್ದರೆ ಹ್ಯಾಚರಿಯಲ್ಲಿ ಮರಿ ಮಾಡಿ ನದಿಗೆ ಬಿಟ್ಟ ಮೀನು, ಇದ್ದರೆ ಕಾಡಿನದು. ವಾಪಸ್ ಬಿಡುವ ಮೀನಿಗೆ ಗಾಯ ಕಡಿಮೆಯಾಗಲಿ ಅಂತ ನಾನು ಮೂರು ಮುಳ್ಳಿನ ಗಾಳ ತೆಗೆದು, ಹಿಂದೆ ಒಂದೇ ಒಂದು ಸೈವಾಶ್ ಗಾಳ (ಒಂಟಿ ಮುಳ್ಳಿನದು) ಹಾಕುತ್ತೇನೆ. ಮ್ಯಾಗ್ ಲಿಪ್ಪಿಗೆ ಅದರಿಂದ ಏನೂ ಆಗುವುದಿಲ್ಲ. ಸಣ್ಣ ಹಾಟ್ ಶಾಟ್‌ಗೆ ದಪ್ಪ ಗಾಳ ಹಾಕಿದರೆ ನಡುಕವೇ ಸತ್ತುಹೋಗುತ್ತದೆ, ಅದಕ್ಕೆ ತೆಳು ತಂತಿಯದನ್ನೇ ಹುಡುಕಿ ಹಾಕಿ.