ಹೆಸರಿಲ್ಲದ ಪೊಟ್ಟಣ: ಮುಲುಂಡಿನ ಒಂದು ದವಾಖಾನೆಯ ಬಗ್ಗೆ

ಮುಂಬಯಿಯ ಮುಲುಂಡ್ ಪೂರ್ವದಲ್ಲಿರುವ ಈ ದವಾಖಾನೆಗೆ ನಾವು ಹನ್ನೊಂದು ವರ್ಷಗಳಿಂದ ಹೋಗುತ್ತಿದ್ದೇವೆ. ರಾತ್ರಿ ಹತ್ತೂವರೆಯವರೆಗೂ ತೆರೆದಿರುತ್ತದೆ. ಮೂರು ದಿನದ ಔಷಧಿಯೂ ಸೇರಿ 150 ರೂಪಾಯಿ. ಡಾಕ್ಟರು ಮರಾಠಿಯವರಾದರೂ ನಮ್ಮ ಅತ್ತೆಯವರನ್ನು ‘ಹೇಗಿದ್ದೀರಿ ಅಜ್ಜಿ’ ಎಂದು ಕನ್ನಡದಲ್ಲೇ ಮಾತನಾಡಿಸುತ್ತಾರೆ. ಜ್ವರ, ಕೆಮ್ಮುಗಳಿಗೆ ಅವರ ಕೈಗುಣ ಚೆನ್ನಾಗಿದೆ. ನನ್ನ ತಕರಾರು ನೋವಿನ ಗುಳಿಗೆಗಳನ್ನು ಕೊಡುವ ರೀತಿಗೆ ಸಂಬಂಧಿಸಿದ್ದು.

ಅತ್ತೆಯವರಿಗೆ 71 ವರ್ಷ. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ನಡೆದಿದೆ. ಮಂಡಿನೋವೆಂದು ಹೋದಾಗ ಆ ಮಾತ್ರೆಯ ವಿಚಾರವನ್ನು ಯಾರೂ ಕೇಳಲಿಲ್ಲ. ಕಂಪೌಂಡರ್ ಕಾಗದದಲ್ಲಿ ಕಟ್ಟಿಕೊಟ್ಟ ಬಿಡಿ ಗುಳಿಗೆಗಳ ಮೇಲೆ ಬೆಳಿಗ್ಗೆ, ರಾತ್ರಿ ಎಂಬ ಗುರುತಿತ್ತೇ ಹೊರತು ಹೆಸರಿರಲಿಲ್ಲ. ನೋವು ಇಳಿಯಿತೆಂದು ಮತ್ತೆರಡು ಸಲ ತಂದೆವು. ಈ ನಡುವೆ ಬೇರೆ ಕಡೆಯ ಮೂಳೆತಜ್ಞರೊಬ್ಬರು ಎಟೋರಿಕಾಕ್ಸಿಬ್ ಎಂಬ ನೋವಿನ ಗುಳಿಗೆ ಬರೆದರು. ಈಗ ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಅವರು ಕೇಳಿದಾಗ ಪೊಟ್ಟಣವನ್ನು ತೋರಿಸುವುದಲ್ಲದೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡನ್ನೂ ನುಂಗಿದ ಹತ್ತು ದಿನಕ್ಕೆ ಪಾದಗಳು ಊದಿಕೊಂಡವು, ಬಿಪಿ 170ಕ್ಕೇರಿತು, ಮೂತ್ರಪಿಂಡದ ಕೆಲಸ ಕುಂದಿದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 0.9 ಇದ್ದದ್ದು 1.7 ಆಯಿತು. ಪೊಟ್ಟಣದಲ್ಲಿದ್ದುದು ಡೈಕ್ಲೋಫಿನ್ಯಾಕ್ ಎಂದು ಆಮೇಲೆ ತಿಳಿಯಿತು.

ಡೈಕ್ಲೋಫಿನ್ಯಾಕ್, ಎಟೋರಿಕಾಕ್ಸಿಬ್ ಎರಡೂ ಒಂದೇ ಗುಂಪಿನ ನೋವುನಿವಾರಕಗಳು; ಈ ಗುಂಪಿನ ಔಷಧಿಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪತ್ತಿಯನ್ನು ತಡೆಯುತ್ತವೆ. ನೋವು ಇಳಿಯುವುದೂ, ಜಠರದ ಒಳಪದರ ತನ್ನ ಕಾವಲನ್ನು ಕಳೆದುಕೊಳ್ಳುವುದೂ, ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆಯಾಗುವುದೂ ಅದರಿಂದಲೇ. ಅತ್ತೆಯವರಂತೆ ಬಿಪಿಯ ಆ ಎರಡು ಔಷಧಿಗಳ ಮೇಲಿರುವವರಿಗೆ ಮೂತ್ರಪಿಂಡದ ಅಪಾಯ ಇನ್ನೂ ಹೆಚ್ಚು. ಹೃದ್ರೋಗವಿದ್ದವರಿಗೆ ಡೈಕ್ಲೋಫಿನ್ಯಾಕ್ ಬೇಡವೆಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಹೇಳಿದ್ದಾರೆ. ಆದರೂ ಒಂದೇ ಮಂಡಿಗೆ ಒಬ್ಬರು ಇಂಜೆಕ್ಷನ್ ಚುಚ್ಚುತ್ತಾರೆ, ಇನ್ನೊಬ್ಬರು ಇದೇ ಗುಂಪಿನ ಅಸೆಕ್ಲೋಫಿನ್ಯಾಕ್ ಜೊತೆಗೆ ಊತಕ್ಕೆಂದು ಕೊಡುವ ಸೆರಾಶಿಯೋಪೆಪ್ಟಿಡೇಸ್ ಸೇರಿಸುತ್ತಾರೆ, ಮತ್ತೊಬ್ಬರು ಹಚ್ಚುವ ಜೆಲ್‌ನಿಂದ ಆರಂಭಿಸುತ್ತಾರೆ. ವೈದ್ಯರ ಅಭಿರುಚಿ ಹೀಗೆ ಬೇರೆಬೇರೆಯಾದಾಗ, ಹಿಂದಿನವರು ಕೊಟ್ಟದ್ದೇನೆಂದು ಮುಂದಿನವರಿಗೆ ತಿಳಿಸಬಲ್ಲದ್ದು ಚೀಟಿಯೊಂದೇ.

ಗುಳಿಗೆ ನಿಲ್ಲಿಸಿ ಮೂರು ವಾರಕ್ಕೆ ಕ್ರಿಯಾಟಿನಿನ್ 1.0ಕ್ಕೆ ಇಳಿಯಿತು. ನಾನು ಹೋಗಿ ಹೇಳಿದಾಗ ಡಾಕ್ಟರು ಸಿಟ್ಟಾಗಲಿಲ್ಲ, ತಪ್ಪಾಯಿತು ಎಂದರು. ಅದು ಅವರ ದೊಡ್ಡತನ. ಈಗ ಕೇಳಿದವರಿಗೆ ಪೊಟ್ಟಣದ ಮೇಲೆ ಹೆಸರು ಬರೆದುಕೊಡುತ್ತಾರೆ, ಕೇಳದವರಿಗೆ ಹಳೆಯ ಪದ್ಧತಿಯೇ. ಐದರಲ್ಲಿ ಮೂರು ಅಂಕ. ಮಂಡಿನೋವಿಗೆ ಹೋಗುವವರು ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಕೇಳದಿದ್ದರೂ ಮೇಜಿನ ಮೇಲಿಡಿ.