1909 ನಂಬರಿನ ಡಿಎನ್‌ಡಿ: ಅಮ್ಮನ ಫೋನಿನಲ್ಲಿ ಎರಡೂವರೆ ವರ್ಷ

ನಮ್ಮ ಮನೆ ಹಾಸನದಲ್ಲಿ. ಅಮ್ಮನಿಗೆ 71 ವರ್ಷ, ಮಂಡಿನೋವು. ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಒರಗಿದರು ಅನ್ನುವಷ್ಟರಲ್ಲಿ ಅಡುಗೆಮನೆ ಕಿಟಕಿಯಲ್ಲಿಟ್ಟ ಫೋನು ಬಡಿದುಕೊಳ್ಳುತ್ತಿತ್ತು. ಗೋಡೆ ಹಿಡಿದು ಎದ್ದು, ಹೋಗಿ ಎತ್ತಿದರೆ ಪರ್ಸನಲ್ ಲೋನ್. ಇಲ್ಲವಾದರೆ ಬೆಂಗಳೂರಿನ ಆಚೆ ಎಲ್ಲೋ ಸೈಟು. ಅಮ್ಮ ಎಲ್ಲರ ಮಾತನ್ನೂ ಪೂರ್ತಿ ಕೇಳಿ, “ಬೇಡಪ್ಪಾ, ನಮಗೆ ಬೇಡ” ಅಂತ ಹೇಳಿಯೇ ಇಡುತ್ತಿದ್ದರು. ಕಟ್ ಮಾಡಮ್ಮಾ ಅಂದರೆ, “ಅವನೂ ಹೊಟ್ಟೆಪಾಡಿಗೆ ಮಾಡ್ತಾನೆ ಕಣೇ, ಸುಮ್ನೆ ಹೆಂಗೆ ಕಟ್ ಮಾಡೋದು?” ಅನ್ನುತ್ತಿದ್ದರು. ಒಂದು ದಿನ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅವತ್ತು ಒಂಬತ್ತು ಸಲ ಎದ್ದು ಹೋದರು. ಅದರಲ್ಲಿ ನಮಗೆ ಬೇಕಾದ ಫೋನು ಎರಡೇ.

ಅವತ್ತೇ ಸಂಜೆ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಹಾಕಿಸಿದೆ. ಜಾಹೀರಾತಿನ ಫೋನು, ಮೆಸೇಜ್ ಬೇಡ ಅಂತ ನಮ್ಮ ನಂಬರನ್ನು ಪಟ್ಟಿಗೆ ಸೇರಿಸುವ ವ್ಯವಸ್ಥೆ ಇದು. ಕೆಲಸ ಸುಲಭ. ಅಮ್ಮನ ಫೋನಿನಿಂದಲೇ ಇಂಗ್ಲಿಷ್‌ನಲ್ಲಿ ಸ್ಟಾರ್ಟ್ ಅಂತ ಬರೆದು, ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಮೆಸೇಜ್ ಕಳಿಸಿದೆ. ಸೊನ್ನೆ ಅಂದರೆ ಎಲ್ಲ ಜಾಹೀರಾತೂ ಬೇಡ ಅಂತ. ಒಂದೊಂದೇ ಬೇಡ ಅನ್ನುವವರಿಗೆ ಬೇರೆ ಬೇರೆ ನಂಬರ್ ಇದೆ: 1 ಬ್ಯಾಂಕು ಮತ್ತು ವಿಮೆಗೆ, 2 ರಿಯಲ್ ಎಸ್ಟೇಟಿಗೆ, ಹೀಗೆ. ಸೊನ್ನೆ ಹಾಕಿದರೆ ಬ್ಯಾಂಕಿನ ಓಟಿಪಿಯೂ ನಿಂತುಹೋಗುತ್ತದೆ ಅಂತ ನಮ್ಮ ಅತ್ತೆ ಹೆದರಿಸಿದ್ದರು. ಹಾಗೇನೂ ಆಗುವುದಿಲ್ಲ. ಓಟಿಪಿ, ದುಡ್ಡು ಬಂದ ಮೆಸೇಜ್ ಎಲ್ಲ ಎಂದಿನಂತೆ ಬರುತ್ತವೆ.

ವಾರದೊಳಗೆ ವ್ಯತ್ಯಾಸ ಗೊತ್ತಾಯಿತು. 140ರಿಂದ ಶುರುವಾಗುವ ಫೋನುಗಳು ಹೆಚ್ಚುಕಮ್ಮಿ ನಿಂತೇಹೋದವು. ನೋಂದಣಿ ಮಾಡಿಸಿಕೊಂಡ ಟೆಲಿಮಾರ್ಕೆಟಿಂಗ್ ಕಂಪನಿಗಳಿಗೆ ಕೊಟ್ಟಿರುವ ನಂಬರುಗಳ ಸಾಲು ಅದು. ಅವರು ಡಿಎನ್‌ಡಿ ಪಟ್ಟಿ ನೋಡಿಯೇ ಫೋನ್ ಮಾಡಬೇಕು.

ನಿಲ್ಲದೆ ಉಳಿದದ್ದು ಸಾಮಾನ್ಯ ಹತ್ತಂಕಿ ಮೊಬೈಲ್ ನಂಬರಿನಿಂದ ಬರುವ ಫೋನುಗಳು. ಅವರು ನೋಂದಣಿಯನ್ನೇ ಮಾಡಿಸಿರುವುದಿಲ್ಲ, ಪಟ್ಟಿಯನ್ನೂ ನೋಡುವುದಿಲ್ಲ. ಡಿಎನ್‌ಡಿ ಹಾಕಿದರೂ ಫೋನ್ ಬರುತ್ತಲ್ಲ ಅಂತ ತುಂಬ ಜನ ಬೇಜಾರು ಮಾಡಿಕೊಳ್ಳುವುದು ಇಲ್ಲೇ. ನಾನೂ ಬೇಜಾರಾಗಿ ಒಂದು ತಪ್ಪು ಮಾಡಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಸೇವ್ ಮಾಡದ ನಂಬರ್ ಯಾವುದೇ ಇರಲಿ, ರಿಂಗೇ ಆಗದ ಹಾಗೆ ಅಮ್ಮನ ಫೋನಿನಲ್ಲಿ ಸೆಟ್ಟಿಂಗ್ ಬದಲಾಯಿಸಿದೆ. ಎರಡು ವಾರ ಮನೆ ತಣ್ಣಗಿತ್ತು. ಆಮೇಲೆ ಸಿಲಿಂಡರ್ ತರುವ ಹುಡುಗ ಮೂರು ಸಲ ಫೋನ್ ಮಾಡಿ, ಯಾರೂ ಎತ್ತಲಿಲ್ಲ ಅಂತ ವಾಪಸ್ ಹೋದ. ಅದನ್ನು ಹೇಗೋ ಸುಧಾರಿಸಿದೆವು. ಅದಾಗಿ ಕೆಲವೇ ದಿನಕ್ಕೆ ಅಮ್ಮನ ರಕ್ತ ಪರೀಕ್ಷೆ ಇತ್ತು. ತೆಗೆದ ರಕ್ತ ಹೆಪ್ಪುಗಟ್ಟಿದೆ, ಇನ್ನೊಂದು ಸಲ ಕೊಡಬೇಕು ಅಂತ ಲ್ಯಾಬಿನವರು ಫೋನ್ ಮಾಡಿದ್ದಾರೆ. ನಮಗೆ ತಿಳಿದದ್ದು ಮಾರನೇ ದಿನ, ರಿಪೋರ್ಟ್ ತರಲು ಹೋದಾಗ. ಅಮ್ಮ ಮತ್ತೆ ಖಾಲಿ ಹೊಟ್ಟೆಯಲ್ಲಿ ಹೋಗಿ ಕೂರಬೇಕಾಯಿತು. ನನಗೆ ಹೊಟ್ಟೆ ಉರಿದುಹೋಯಿತು. ನಮ್ಮಂಥ ಮನೆಗಳು ನಡೆಯುವುದೇ ಗುರುತಿಲ್ಲದ ನಂಬರುಗಳಿಂದ ಅಲ್ವಾ? ಗ್ಯಾಸಿನವನು, ಕೊರಿಯರ್, ಬೋರ್‌ವೆಲ್ ಮೆಕ್ಯಾನಿಕ್, ಕೆಇಬಿಯವರು, ಆಟೋದವರು ಯಾರ ನಂಬರೂ ಸೇವ್ ಆಗಿರುವುದಿಲ್ಲ. ವಯಸ್ಸಾದವರ ಫೋನಿನಲ್ಲಿ ದಯವಿಟ್ಟು ಈ ಸೆಟ್ಟಿಂಗ್ ಹಾಕಬೇಡಿ. ನಾನು ಅದನ್ನು ಅವತ್ತೇ ತೆಗೆದುಬಿಟ್ಟೆ.

ಕಾಲರ್ ಐಡಿ ಆ್ಯಪ್ ಒಂದನ್ನೂ ಸ್ವಲ್ಪ ದಿನ ಇಟ್ಟು ನೋಡಿದೆ. ಪ್ರತಿ ಫೋನ್ ಮುಗಿದ ಮೇಲೆ ಪರದೆ ತುಂಬ ಜಾಹೀರಾತು. ಅಮ್ಮ ಗಾಬರಿಯಾಗಿ ಎಲ್ಲೆಲ್ಲೋ ಒತ್ತುತ್ತಿದ್ದರು. ತೆಗೆದುಹಾಕಿದೆ.

ಕೊನೆಗೆ ಕೆಲಸಕ್ಕೆ ಬಂದದ್ದು ದೂರು ಕೊಡುವುದು. ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಹಾಕಿಕೊಂಡರೆ ಬಂದ ಕರೆಗಳ ಪಟ್ಟಿಯಿಂದಲೇ ನಂಬರ್ ಆರಿಸಿ ದೂರು ಕಳಿಸಬಹುದು. 1909ಕ್ಕೆ ಫೋನ್ ಮಾಡಿಯೂ ಹೇಳಬಹುದು. 2025ರ ಫೆಬ್ರವರಿಯಲ್ಲಿ ಟ್ರಾಯ್ ನಿಯಮ ಬಿಗಿ ಮಾಡಿತು. ಮೊದಲು ಮೂರು ದಿನದೊಳಗೆ ದೂರು ಕೊಡಬೇಕಿತ್ತು, ಈಗ ಏಳು ದಿನ ಸಮಯವಿದೆ. ನೋಂದಣಿ ಇಲ್ಲದವರ ಮೇಲೆ ಫೋನ್ ಕಂಪನಿ ಕ್ರಮ ತೆಗೆದುಕೊಳ್ಳಲು ಇದ್ದ 30 ದಿನದ ಗಡುವು ಐದು ದಿನಕ್ಕೆ ಇಳಿದಿದೆ. ಅಂಥವರ ಮೇಲೆ ದೂರು ಕೊಡಲು ಡಿಎನ್‌ಡಿ ಹಾಕಿಸಿರಲೇಬೇಕು ಅಂತಲೂ ಈಗ ಇಲ್ಲ.

ಏಳು ದಿನ ಸಿಕ್ಕಿದ್ದು ನಮಗೆ ದೊಡ್ಡ ಅನುಕೂಲವಾಯಿತು. ಅಮ್ಮ ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಈಗ ಅದೇ ಚೌಕದಲ್ಲಿ, ಅರ್ಧ ಲೀಟರ್ ಅಂತ ಬರೆದದ್ದರ ಕೆಳಗೆ, ಸಣ್ಣಗೆ “ಲೋನ್, ೧೧ ಗಂಟೆ” ಅಂತ ಇರುತ್ತದೆ. ಅಂಕಿಗಳೆಲ್ಲ ಕನ್ನಡದವು, ಅವರು ಶಾಲೆಯಲ್ಲಿ ಕಲಿತ ಹಾಗೆ. ಭಾನುವಾರ ನಾನು ಕ್ಯಾಲೆಂಡರ್ ನೋಡಿಕೊಂಡು, ಆ ಹೊತ್ತಿಗೆ ಬಂದ ನಂಬರ್ ಹುಡುಕಿ, ದೂರು ಹಾಕುತ್ತೇನೆ. ಹತ್ತು ನಿಮಿಷದ ಕೆಲಸ.

ಇನ್ನೂ ಒಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಹತ್ತು ದಿನದಲ್ಲಿ ಐದು ದೂರು ಬಂದರೆ ಆ ನಂಬರಿನವರ ಮೇಲೆ ಕ್ರಮ ಶುರುವಾಗಬೇಕು ಅಂತ ಹೊಸ ನಿಯಮ ಹೇಳುತ್ತದೆ. ಮೊದಲ ತಪ್ಪಿಗೆ 15 ದಿನ ಹೊರಹೋಗುವ ಕರೆ ಬಂದ್. ಮತ್ತೆ ಮಾಡಿದರೆ ಒಂದು ವರ್ಷ ಎಲ್ಲ ಕಂಪನಿಗಳಲ್ಲೂ ಸಂಪರ್ಕ ಕಟ್. ಒಬ್ಬರ ದೂರು ಸಾಕಾಗದೆ ಇರಬಹುದು, ಆದರೆ ಐವರಲ್ಲಿ ಒಬ್ಬರು ನೀವಾಗಬಹುದು. ಬರೀ ಬ್ಲಾಕ್ ಮಾಡಿ ಬಿಟ್ಟರೆ ಅವನು ಪಕ್ಕದ ಮನೆಗೆ ಫೋನ್ ಮಾಡುತ್ತಾನೆ, ಅಷ್ಟೇ.

ಲ್ಯಾಂಡ್‌ಲೈನ್ ಇರುವವರು ಅದರಿಂದಲೇ 1909ಕ್ಕೆ ಫೋನ್ ಮಾಡಿ ಹಾಕಿಸಬೇಕು, ಅದರಲ್ಲಿ ಮೆಸೇಜ್ ಕಳಿಸಲು ಬರುವುದಿಲ್ಲವಲ್ಲ. ನಮ್ಮದಕ್ಕೆ ಹಾಗೆಯೇ ಮಾಡಿದೆ. ಪೊಲೀಸ್ ಅಂತ ಹೇಳಿ ಹೆದರಿಸುವ ಮೋಸದ ಕರೆಗಳಿಗೆ ಡಿಎನ್‌ಡಿ ಅಲ್ಲ ಮದ್ದು. ಅವನ್ನು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿರುವ ‘ಚಕ್ಷು’ ಅನ್ನುವ ದೂರಿನ ವಿಭಾಗದಲ್ಲಿ ತಿಳಿಸಿ. ದುಡ್ಡು ಹೋಗಿದ್ದರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಈ ನಂಬರನ್ನು ಅಮ್ಮನ ಕ್ಯಾಲೆಂಡರಿನ ಮೇಲ್ತುದಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.

ಡಿಎನ್‌ಡಿಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಹತ್ತಂಕಿ ನಂಬರಿನವರು ಇನ್ನೂ ಪೂರ್ತಿ ನಿಂತಿಲ್ಲ, ಅದಕ್ಕೆ ಒಂದೂವರೆ ಕಡಿಮೆ. ಕಳೆದ ತಿಂಗಳ ಹಾಳೆ ಹರಿಯುವ ಮೊದಲು ಎಣಿಸಿದೆ. ಇಡೀ ತಿಂಗಳಿಗೆ ಬೇಡದ ಫೋನು ಹನ್ನೊಂದು. ಮೊದಲು ಅಷ್ಟು ಎರಡೇ ದಿನದಲ್ಲಿ ಬರುತ್ತಿದ್ದವು. ಎದುರುಮನೆ ಜಯಕ್ಕನೂ ಫೋನ್ ತಂದು ಕೊಟ್ಟಿದ್ದಾರೆ, ನಾಳೆ ಅವರದಕ್ಕೂ ಹಾಕಿಸಬೇಕು.