ಸಿಐ ಜಾಬ್‌ಗಳನ್ನು ತಾನಾಗಿ ತಯಾರಿಸುವುದು: ಜಾಬ್ ಬಿಲ್ಡರ್, ಜಾಬ್ ಡಿಎಸ್‌ಎಲ್, ಗಿಟ್‌ಲ್ಯಾಬ್ – ಮೂರನ್ನೂ ಬಳಸಿ ನೋಡಿದ ಮೇಲೆ

ನಾನು ನೋಡಿಕೊಳ್ಳುವ ಡೆಬಿಯನ್ ಲಿನಕ್ಸ್ ಪ್ಯಾಕೇಜ್‌ಗಳು 60ಕ್ಕೂ ಜಾಸ್ತಿ. ಸಿಐ ಅಂದರೆ ಕೋಡ್ ಬದಲಾದಾಗೆಲ್ಲ ತಾನಾಗೇ ಬಿಲ್ಡ್, ಟೆಸ್ಟ್ ಮಾಡುವ ವ್ಯವಸ್ಥೆ, ಜಾಬ್ ಅಂದರೆ ಅದಕ್ಕೆ ಒಪ್ಪಿಸಿದ ಒಂದು ಕೆಲಸ. ಒಂದೊಂದು ಪ್ಯಾಕೇಜ್‌ಗೂ ಎರಡು ಜಾಬ್ ಬೇಕು. ಒಂದು ಸೋರ್ಸ್ ಪ್ಯಾಕೇಜ್ ಕಟ್ಟಲು, ಇನ್ನೊಂದು ಅದರಿಂದ ಬೈನರಿ ಕಟ್ಟಿ ಟೆಸ್ಟ್ ಓಡಿಸಲು. ಮೊದಮೊದಲು ಜೆಂಕಿನ್ಸ್ ಅನ್ನುವ ಸಿಐ ಸರ್ವರ್‌ನಲ್ಲಿ ಹಳೇ ಜಾಬನ್ನೇ ಕಾಪಿ ಮಾಡಿ, ಹೆಸರು ಬದಲಿಸಿ, ಸೇವ್ ಒತ್ತುತ್ತಿದ್ದೆ. ಹತ್ತು ಪ್ಯಾಕೇಜ್ ತನಕ ಹೇಗೋ ನಡೆಯಿತು. ಆಮೇಲೆ ಒಂದು ಜಾಬ್‌ನಲ್ಲಿ ಟೈಮ್‌ಔಟ್ 30 ನಿಮಿಷ, ಇನ್ನೊಂದರಲ್ಲಿ 60. ಒಂದು ಹಳೇ ಬಿಲ್ಡ್‌ಗಳನ್ನು ಅಳಿಸುತ್ತದೆ, ಪಕ್ಕದ್ದು ಡಿಸ್ಕ್ ತುಂಬಿಸುತ್ತಾ ಕೂರುತ್ತದೆ. ಯಾಕೆ ಹೀಗೆ ಅಂದರೆ ಯಾರ ಹತ್ತಿರವೂ ಉತ್ತರ ಇಲ್ಲ.

ಪ್ಯಾಕೇಜ್‌ಗಳ ಪಟ್ಟಿ ಒಂದೇ ಫೈಲಿನಲ್ಲಿರಬೇಕು, ಅದರಿಂದ ಜಾಬ್‌ಗಳು ತಾವಾಗೇ ಹುಟ್ಟಬೇಕು. ಇದಕ್ಕಾಗಿ ಒಂದೊಂದೇ ದಾರಿ ಹಿಡಿದು ನೋಡಿದೆ. ಹೊಸ ಜಾಬ್ ಹುಟ್ಟಿಸುವುದು ಎಲ್ಲದರಲ್ಲೂ ಸುಲಭ, ಅದನ್ನು ಹೋಲಿಸಿ ಪ್ರಯೋಜನವಿಲ್ಲ. ನಾನು ನೋಡಿದ್ದು ಎರಡೇ ವಿಷಯ. ಟೆಂಪ್ಲೇಟ್, ಅಂದರೆ ಜಾಬ್‌ಗಳ ಅಚ್ಚು, ತಿದ್ದಿದರೆ ಯಾವ ಯಾವ ಜಾಬ್ ಬದಲಾಗುತ್ತದೆ ಅಂತ ಮುಂಚೆಯೇ ತಿಳಿಯುತ್ತದಾ? ಪಟ್ಟಿಯಿಂದ ಒಂದು ಪ್ಯಾಕೇಜ್ ತೆಗೆದ ದಿನ ಅದರ ಜಾಬ್ ಏನಾಗುತ್ತದೆ?

ಮೊದಲು ಶೆಲ್ ಸ್ಕ್ರಿಪ್ಟ್. ಜೆಂಕಿನ್ಸ್ ಪ್ರತಿ ಜಾಬನ್ನೂ ಒಂದು ಎಕ್ಸ್‌ಎಂಎಲ್ ಫೈಲಾಗಿ ಇಟ್ಟುಕೊಳ್ಳುತ್ತದೆ. ಆ ಫೈಲನ್ನು ತೆಗೆದು, ಹೆಸರು ಬದಲಿಸಿ, ಕರ್ಲ್ ಕಮಾಂಡ್‌ನಿಂದ ಸರ್ವರ್‌ಗೆ ವಾಪಸ್ ಕಳಿಸಿದರೆ ಹೊಸ ಜಾಬ್ ರೆಡಿ. ಇಪ್ಪತ್ತು ಸಾಲಿನ ಕೆಲಸ. ಆದರೆ ಜಾಬ್ ಹೊಸದಾದರೆ ಒಂದು ವಿಳಾಸಕ್ಕೆ ಕಳಿಸಬೇಕು, ಈಗಾಗಲೇ ಇದ್ದರೆ ಬೇರೆ ವಿಳಾಸಕ್ಕೆ. ಅಳಿಸುವುದನ್ನು ನಾವೇ ಬರೆದುಕೊಳ್ಳಬೇಕು. ಎರಡು ವಾರದಲ್ಲಿ ಬಿಟ್ಟೆ.

ಜೆಂಕಿನ್ಸ್ ಜಾಬ್ ಬಿಲ್ಡರ್ ಜೊತೆ ಹೆಚ್ಚು ದಿನ ಕಳೆದಿದ್ದೇನೆ. ಓಪನ್‌ಸ್ಟ್ಯಾಕ್ ಯೋಜನೆಯಲ್ಲಿ ಹುಟ್ಟಿದ ಪೈಥಾನ್ ಸಾಧನ ಇದು. ಯಾಮಲ್ ಅನ್ನುವ ಸರಳ ಪಠ್ಯ ರೂಪದಲ್ಲಿ ಒಂದು ಟೆಂಪ್ಲೇಟ್ ಬರೆದು, ಕೆಳಗೆ ಪ್ಯಾಕೇಜ್‌ಗಳ ಹೆಸರು ಕೊಟ್ಟರೆ ಸಾಕು, ಉಳಿದ ಎಕ್ಸ್‌ಎಂಎಲ್ ಅದೇ ಬರೆಯುತ್ತದೆ. ಇದರ 'ಟೆಸ್ಟ್' ಕಮಾಂಡ್ ನನಗೆ ತುಂಬಾ ಇಷ್ಟ. ಜೆಂಕಿನ್ಸ್ ಸರ್ವರ್‌ನಲ್ಲಿ ಏನನ್ನೂ ಬದಲಿಸದೆ, ಹುಟ್ಟಲಿರುವ ಎಕ್ಸ್‌ಎಂಎಲ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕುತ್ತದೆ. ತಿದ್ದುವ ಮುಂಚೆ ಒಂದು ಸಲ, ತಿದ್ದಿದ ಮೇಲೆ ಒಂದು ಸಲ ಓಡಿಸಿ, ಎರಡು ಫೋಲ್ಡರ್‌ಗಳಿಗೂ ಡಿಫ್ ಹಾಕಿ, ಅಂದರೆ ವ್ಯತ್ಯಾಸ ತೆಗೆದು ನೋಡಿ. ಯಾವ ಜಾಬ್‌ನಲ್ಲಿ ಯಾವ ಸಾಲು ಬದಲಾಗುತ್ತದೆ ಅನ್ನುವುದು ಕಣ್ಣೆದುರಿಗೇ ಇರುತ್ತದೆ. ನಾವು ಆ ಡಿಫ್ ನೋಡದೆ ಯಾವ ಬದಲಾವಣೆಯನ್ನೂ ಒಪ್ಪುತ್ತಿರಲಿಲ್ಲ.

ಕಷ್ಟವೂ ಇದೆ. ಟೆಂಪ್ಲೇಟ್‌ನಲ್ಲಿ ಕರ್ಲಿ ಬ್ರಾಕೆಟ್ ಒಳಗೆ 'ನೇಮ್' ಅಂತ ಬರೆದರೆ ಅಲ್ಲಿ ಪ್ಯಾಕೇಜ್ ಹೆಸರು ಬಂದು ಕೂರುತ್ತದೆ. ಶೆಲ್‌ನಲ್ಲೂ ವೇರಿಯಬಲ್‌ಗೆ ಅದೇ ಬ್ರಾಕೆಟ್, ಮುಂದೆ ಒಂದು ಡಾಲರ್ ಗುರುತು ಅಷ್ಟೇ. ನನ್ನ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ 'ನೇಮ್' ಅನ್ನುವ ಶೆಲ್ ವೇರಿಯಬಲ್ ಇತ್ತು. ಸ್ಕ್ರಿಪ್ಟನ್ನು ಹಾಗೇ ಟೆಂಪ್ಲೇಟ್‌ಗೆ ಹಾಕಿದೆ. ಜಾಬ್ ಬಿಲ್ಡರ್ ಬ್ರಾಕೆಟ್ ತೆಗೆದು ಅಲ್ಲಿ ಪ್ಯಾಕೇಜ್ ಹೆಸರು ತುಂಬಿತು, ಡಾಲರ್ ಮಾತ್ರ ಉಳಿಯಿತು. ಶೆಲ್ ಅದನ್ನು ಬೇರೆ ಯಾವುದೋ ವೇರಿಯಬಲ್ ಅಂದುಕೊಂಡಿತು. ಅಂಥ ವೇರಿಯಬಲ್ ಇಲ್ಲವಲ್ಲ, ಬೆಲೆ ಖಾಲಿ. ಜಾಬ್ ಹಸಿರು, ಅಂದರೆ ಪಾಸ್, ಆದರೆ ಹೊರಬಂದ ಟಾರ್ ಫೈಲ್‌ನ ಹೆಸರು ಶುರುವಾಗುವುದೇ ಹೈಫನ್‌ನಿಂದ! ಶೆಲ್‌ನ ಬ್ರಾಕೆಟ್‌ಗಳನ್ನು ಟೆಂಪ್ಲೇಟ್‌ನಲ್ಲಿ ಎರಡೆರಡು ಸಲ ಬರೆಯಬೇಕು ಅನ್ನುವುದು ಅವತ್ತು ಮನಸ್ಸಿನಲ್ಲಿ ಕೂತಿತು. ಆಮೇಲೆ ಸ್ಕ್ರಿಪ್ಟನ್ನು ಬೇರೆ ಫೈಲಿನಲ್ಲೇ ಇಟ್ಟೆ. ಟೆಂಪ್ಲೇಟ್‌ನಿಂದ ಅದನ್ನು ಕರೆಯುವುದು ಒಂದೇ ಸಾಲು. ನೀವೂ ಹಾಗೇ ಮಾಡಿ.

ಅಳಿಸುವ ವಿಷಯ ಇನ್ನೂ ಮುಖ್ಯ. ಜಾಬ್ ಬಿಲ್ಡರ್ ತಾನು ಮಾಡಿದ ಜಾಬ್‌ನ ವಿವರಣೆಯಲ್ಲಿ ಒಂದು ಗುರುತು ಬಿಡುತ್ತದೆ. 'ಡಿಲೀಟ್ ಓಲ್ಡ್' ಆಯ್ಕೆ ಕೊಟ್ಟರೆ, ಆ ಗುರುತಿದ್ದು ಈಗಿನ ಯಾಮಲ್‌ನಲ್ಲಿ ಇಲ್ಲದ ಜಾಬ್‌ಗಳನ್ನೆಲ್ಲ ಅಳಿಸುತ್ತದೆ. ಆ ಗುರುತಿನಲ್ಲಿ ಯಾರ ಯಾಮಲ್ ಅನ್ನುವುದು ಇರುವುದಿಲ್ಲ. ಒಂದೇ ಜೆಂಕಿನ್ಸ್‌ಗೆ ನಾವು ಎರಡು ರೆಪೊಸಿಟರಿಗಳಿಂದ, ಅಂದರೆ ಕೋಡ್ ಭಂಡಾರಗಳಿಂದ, ಜಾಬ್ ಕಳಿಸುತ್ತಿದ್ದೆವು. ನಾನು ನನ್ನದರಿಂದ 'ಡಿಲೀಟ್ ಓಲ್ಡ್' ಓಡಿಸಿದೆ, ಜೊತೆಯವರ ಜಾಬ್‌ಗಳು ಬಿಲ್ಡ್ ಇತಿಹಾಸದ ಸಮೇತ ಹೋದವು. ಜಾಬ್‌ಗಳನ್ನು ಐದು ನಿಮಿಷದಲ್ಲಿ ಮತ್ತೆ ಹುಟ್ಟಿಸಿದೆವು. ಇತಿಹಾಸ ಮಾತ್ರ ಬರಲಿಲ್ಲ. ಒಂದು ಜೆಂಕಿನ್ಸ್‌ಗೆ ಒಂದೇ ರೆಪೊಸಿಟರಿ ಇಟ್ಟುಕೊಳ್ಳಿ, ಇಲ್ಲವಾದರೆ ಆ ಆಯ್ಕೆ ಮುಟ್ಟಲೇಬೇಡಿ.

ಜಾಬ್ ಡಿಎಸ್‌ಎಲ್ ಜೆಂಕಿನ್ಸ್‌ನ ಪ್ಲಗಿನ್. ಇಲ್ಲಿ 'ಸೀಡ್ ಜಾಬ್' ಅಂತ ಒಂದು ಇರುತ್ತದೆ. ಅದು ಗ್ರೂವಿ ಸ್ಕ್ರಿಪ್ಟ್ ಓದಿ ಉಳಿದ ಜಾಬ್‌ಗಳನ್ನು ಹುಟ್ಟಿಸುತ್ತದೆ. ಗ್ರೂವಿ ನಿಜವಾದ ಪ್ರೋಗ್ರಾಮಿಂಗ್ ಭಾಷೆ. ಲೂಪ್ ಹಾಕಬಹುದು, ಫೈಲ್ ಓದಬಹುದು, ಈ ಪ್ಯಾಕೇಜ್‌ಗೆ ಮಾತ್ರ ಆರ್ಮ್ ಯಂತ್ರದಲ್ಲೂ ಬಿಲ್ಡ್ ಮಾಡು ಅಂತ ಒಂದು 'ಇಫ್' ಬರೆಯಬಹುದು. ಯಾಮಲ್‌ನಲ್ಲಿ ಇಂಥದ್ದಕ್ಕೆ ಒದ್ದಾಡಬೇಕು.

ಅಳಿಸುವುದರಲ್ಲೂ ಇದು ಜಾಬ್ ಬಿಲ್ಡರ್‌ಗಿಂತ ಮೇಲು. ಯಾವ ಸೀಡ್ ಯಾವ ಜಾಬನ್ನು ಹುಟ್ಟಿಸಿತು ಅನ್ನುವ ಲೆಕ್ಕ ಅದರ ಹತ್ತಿರ ಇರುತ್ತದೆ, ಬೇರೆಯವರ ಜಾಬ್ ತಂಟೆಗೆ ಹೋಗುವುದಿಲ್ಲ. ಪಟ್ಟಿಯಿಂದ ಹೋದ ಜಾಬನ್ನು ಹಾಗೇ ಬಿಡಬಹುದು, ನಿಲ್ಲಿಸಬಹುದು, ಇಲ್ಲವೇ ಅಳಿಸಬಹುದು. ನಾವೇನೂ ಹೇಳದಿದ್ದರೆ ಹಾಗೇ ಬಿಡುತ್ತದೆ, ಹೀಗಾಗಿ ಸತ್ತ ಪ್ಯಾಕೇಜ್‌ಗಳ ಜಾಬ್ ತಿಂಗಳುಗಟ್ಟಲೆ ಓಡುತ್ತಿರುತ್ತವೆ. ನಾನು ಇಟ್ಟುಕೊಂಡಿದ್ದು 'ನಿಲ್ಲಿಸು'. ಇತಿಹಾಸ ಉಳಿಯುತ್ತದೆ, ಯಂತ್ರವೂ ದಂಡವಾಗುವುದಿಲ್ಲ.

ಮತ್ತೆ ಯಾಕೆ ಬಿಟ್ಟೆ ಅಂದರೆ, ಮುಂಚೆ ನೋಡುವ ದಾರಿ ಸಾಲದು. ಏನೇನು ಹೊಸದು, ಏನೇನು ಬಿಟ್ಟುಹೋಯಿತು ಅಂತ ಸೀಡ್ ಜಾಬ್‌ನ ಲಾಗ್ ಚೆನ್ನಾಗಿಯೇ ಹೇಳುತ್ತದೆ, ಆದರೆ ಎಲ್ಲ ಆದಮೇಲೆ. ಜೊತೆಗೆ ಸ್ಕ್ರಿಪ್ಟ್ ಸೆಕ್ಯೂರಿಟಿ ಅನ್ನುವ ಜೆಂಕಿನ್ಸ್‌ನ ಕಾವಲು. ಸ್ಕ್ರಿಪ್ಟ್ ಏನೇನು ಮಾಡಬಹುದು ಅನ್ನುವುದಕ್ಕೆ ಮಿತಿ ಹಾಕುವ ಸ್ಯಾಂಡ್‌ಬಾಕ್ಸ್ ವ್ಯವಸ್ಥೆ ಮಾಡಿಕೊಳ್ಳದಿದ್ದರೆ, ಸ್ಕ್ರಿಪ್ಟ್ ಬದಲಾದಾಗೆಲ್ಲ ಅಡ್ಮಿನ್ ಬಂದು ಒಪ್ಪಿಗೆ ಒತ್ತಬೇಕು. ಸುರಕ್ಷತೆಗೆ ಅದು ಸರಿಯೇ. ಆದರೆ ತಾನಾಗೇ ಆಗಲಿ ಅಂತ ಕಟ್ಟಿದ್ದು ಒಬ್ಬರು ಬರುವ ತನಕ ಕಾಯುತ್ತದೆ, ಅಲ್ವಾ?

ಜೆಂಕಿನ್ಸ್‌ನದೇ ಆರ್ಗನೈಸೇಶನ್ ಫೋಲ್ಡರ್ ಬಗ್ಗೆ ಎರಡೇ ಮಾತು. ರೆಪೊಸಿಟರಿಗಳನ್ನು ಜೆಂಕಿನ್ಸೇ ಹುಡುಕಿ, ಜೆಂಕಿನ್ಸ್‌ಫೈಲ್ (ಬಿಲ್ಡ್ ಹೆಜ್ಜೆಗಳನ್ನು ಬರೆದಿಡುವ ಫೈಲ್) ಇರುವ ಕಡೆಯೆಲ್ಲ ಜಾಬ್ ಮಾಡುತ್ತದೆ. ನಮ್ಮದೇ ಕೋಡ್ ಆದರೆ ಇದಕ್ಕಿಂತ ಸಲೀಸು ಬೇರೆ ಇಲ್ಲ. ಬೇರೆಯವರ ಕೋಡನ್ನು ಪ್ಯಾಕೇಜ್ ಮಾಡುವವರು ಪ್ರತಿ ರೆಪೊಸಿಟರಿಗೂ ಒಂದು ಫೈಲ್ ಸೇರಿಸಿಕೊಂಡು ಕೂರಬೇಕಾಗುತ್ತದೆ.

ಕೊನೆಗೆ, ಕೋಡ್ ಇಡುವುದರ ಜೊತೆ ಸಿಐ ಕೂಡ ಕೊಡುವ ಗಿಟ್‌ಲ್ಯಾಬ್‌ನ ಡೈನಾಮಿಕ್ ಚೈಲ್ಡ್ ಪೈಪ್‌ಲೈನ್. ಪೈಪ್‌ಲೈನ್ ಅಂದರೆ ಒಂದು ಸಲಕ್ಕೆ ಓಡುವ ಜಾಬ್‌ಗಳ ಗುಂಪು. ಡೈನಾಮಿಕ್ ಚೈಲ್ಡ್ 2020ರಲ್ಲಿ 12.9 ಆವೃತ್ತಿಯ ಜೊತೆ ಬಂತು. ಮೊದಲ ಜಾಬ್ ನಮ್ಮ ಪೈಥಾನ್ ಸ್ಕ್ರಿಪ್ಟ್ ಓಡಿಸಿ ಒಂದು ಯಾಮಲ್ ಬರೆಯುತ್ತದೆ. ಎರಡನೆಯದು ಆ ಯಾಮಲನ್ನೇ ಮರಿ ಪೈಪ್‌ಲೈನ್ ಆಗಿ ಓಡಿಸುತ್ತದೆ. ಇಲ್ಲಿ ಕಾಯಂ ಆಗಿ ಕೂತಿರುವ ಜಾಬ್ ಅನ್ನುವುದೇ ಇಲ್ಲ. ಪಟ್ಟಿಯಿಂದ ಪ್ಯಾಕೇಜ್ ತೆಗೆದರೆ ಮುಂದಿನ ಸಲ ಅದು ಬರುವುದಿಲ್ಲ, ಅಷ್ಟೇ. ಹಳೇ ಪೈಪ್‌ಲೈನ್‌ಗಳ ದಾಖಲೆ ಇದ್ದಲ್ಲೇ ಇರುತ್ತದೆ. ಯಾಮಲ್ ಆರ್ಟಿಫ್ಯಾಕ್ಟ್ (ಜಾಬ್ ಉಳಿಸಿದ ಫೈಲ್) ಆಗಿ ಉಳಿಯುವುದರಿಂದ ಡಿಫ್ ಕೂಡ ನೋಡಬಹುದು. ನನ್ನ ಎರಡೂ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟಿದ್ದು ಇದೊಂದೇ.

ಎರಡು ಕಡೆ ಎಚ್ಚರ ಬೇಕು. 'ಸ್ಟ್ರಾಟೆಜಿ ಡಿಪೆಂಡ್' ಅನ್ನುವ ಸಾಲು ಹಾಕದಿದ್ದರೆ, ಮರಿ ಪೈಪ್‌ಲೈನ್ ಶುರುವಾದ ತಕ್ಷಣ ತಾಯಿ ಪೈಪ್‌ಲೈನ್ ಹಸಿರಾಗಿಬಿಡುತ್ತದೆ. ಒಳಗೆ ಬಿಲ್ಡ್ ಮುರಿದರೂ ಮೇಲೆ ಗೊತ್ತಾಗುವುದಿಲ್ಲ. ಇನ್ನೊಂದು, ಸ್ಕ್ರಿಪ್ಟ್ ಜಾಬ್ ಬರೆಯುವುದು ಬದಲಾದ ಪ್ಯಾಕೇಜ್‌ಗಳಿಗೆ; ಯಾವ ಪ್ಯಾಕೇಜೂ ಬದಲಾಗದೆ ಯಾಮಲ್‌ನಲ್ಲಿ ಒಂದೂ ಜಾಬ್ ಇಲ್ಲದಿದ್ದರೆ ಪೈಪ್‌ಲೈನ್ ಕೆಂಪಾಗುತ್ತದೆ. ಅದಕ್ಕೆ ನಮ್ಮ ಸ್ಕ್ರಿಪ್ಟ್ ಅಂಥ ಹೊತ್ತಿಗೆ ಏನೂ ಮಾಡದ ಒಂದು ಜಾಬ್ ಬರೆದುಬಿಡುತ್ತದೆ.

ಈಗ ವಿಶೇಷ ಹಾರ್ಡ್‌ವೇರ್ ಬೇಕಾದ ಕೆಲವು ಪ್ಯಾಕೇಜ್‌ಗಳು ಜೆಂಕಿನ್ಸ್‌ನಲ್ಲೇ ಇವೆ, ಜಾಬ್ ಬಿಲ್ಡರ್ ಕೈಯಲ್ಲಿ. ಉಳಿದದ್ದೆಲ್ಲ ಗಿಟ್‌ಲ್ಯಾಬ್‌ಗೆ ಬಂದಿದೆ. ಯಾವ ಲೈಬ್ರರಿ ಮೊದಲು ಕಟ್ಟಬೇಕು ಅನ್ನುವುದನ್ನೂ ಸ್ಕ್ರಿಪ್ಟೇ ನೋಡಿಕೊಳ್ಳುತ್ತದೆ. ಪ್ರತಿ ಪ್ಯಾಕೇಜ್‌ನ ವಿವರ ಇರುವ ಕಂಟ್ರೋಲ್ ಫೈಲ್ ಓದಿ, ಅದಕ್ಕೆ ಬೇಕಾದವುಗಳನ್ನು 'ನೀಡ್ಸ್' ಪಟ್ಟಿಗೆ, ಅಂದರೆ ಮುಂಚೆ ಮುಗಿಯಬೇಕಾದ ಜಾಬ್‌ಗಳ ಪಟ್ಟಿಗೆ, ಹಾಕುತ್ತದೆ. ಒಂದೇ ಒಂದು ಸಲ ಸಿಕ್ಕಿಹಾಕಿಕೊಂಡಿತು. ಉಳಿದವನ್ನೆಲ್ಲ ಒಟ್ಟಿಗೆ ಎಳೆದು ತರುವ ನಮ್ಮ ಮೆಟಾ ಪ್ಯಾಕೇಜ್‌ನ ಟೆಸ್ಟ್‌ಗೆ ಉಳಿದ ಎಲ್ಲವೂ ಬೇಕು, ಗಿಟ್‌ಲ್ಯಾಬ್ ಒಂದು ಜಾಬ್‌ನ 'ನೀಡ್ಸ್'ನಲ್ಲಿ ಸಾಮಾನ್ಯವಾಗಿ 50ಕ್ಕಿಂತ ಜಾಸ್ತಿ ಒಪ್ಪುವುದಿಲ್ಲ. ಅದೊಂದಕ್ಕೆ 'ನೀಡ್ಸ್' ತೆಗೆದು ಪೈಪ್‌ಲೈನ್‌ನ ಕೊನೇ ಸ್ಟೇಜ್‌ಗೆ, ಅಂದರೆ ಕೊನೇ ಹಂತಕ್ಕೆ, ಹಾಕಿದೆ. ಮುಂಚಿನ ಸ್ಟೇಜ್‌ಗಳು ಪೂರ್ತಿ ಮುಗಿದ ಮೇಲೆ ಈಗ ಅದು ಓಡುತ್ತದೆ.